ಜೋಳದ ಸಿಂಬಿ, ಕಬ್ಬಿನ ಎಳೆ

ಎಳ್ಳ ಅಮಾವಾಸ್ಯೆಗೆ ಇನ್ನೊಂದು ದಿನವಿತ್ತು. ಇಂಡಿಯಲ್ಲಿ ಬಸ್ಸಿನಿಂದ ಇಳಿದಾಗ ಕಣ್ಣಿಗೆ ಇನ್ನೂ ಮಬ್ಬು. ಮೂಗಿಗೆ ಆಗಲೇ ಬೆಳಗಾಗಿತ್ತು. ಲಿಂಬಿಯ ವಾಸನೆ ಊರನ್ನೆಲ್ಲ ಎಬ್ಬಿಸುತ್ತ ಓಡಾಡುತ್ತಿತ್ತು. ಮಾರುಕಟ್ಟೆಯಲ್ಲಿ ಚೀಲದ ಬಾಯಿ ಬಿಚ್ಚಿ ಸುರುವಿದರೆ ಕಾಯಿಗಳು ಗುಡುಗುಡು ಉರುಳಿ ಗುಂಪಿಯಾಗುತ್ತಿದ್ದವು. ಹಳದಿಗೆ ತಿರುಗಿದ್ದು ಒಂದು ಕಡೆ, ಹಸಿರು ಮಾಸದ್ದು ಇನ್ನೊಂದು ಕಡೆ, ಗೀರು ಬಿದ್ದದ್ದು ಕಾಲ ಬುಡಕ್ಕೆ. ಆರಿಸುವ ಹೆಂಗಸರ ಕೈ ಅವರ ಕಣ್ಣಿಗಿಂತ ಮುಂದೆ ಓಡುತ್ತಿತ್ತು. ತೆಳು ಸಿಪ್ಪೆ, ತುಂಬು ರಸದ ಈ ಇಂಡಿ ಲಿಂಬಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇದೇ ಊರಿನಲ್ಲಿ.

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿತವನು. ಹಬ್ಬಕ್ಕೆ ಊರ ಕಡೆ ಹೋಗುವ ದಾರಿಯನ್ನು ಈ ಸಲ ಬೇಕೆಂದೇ ಉದ್ದ ಮಾಡಿಕೊಂಡಿದ್ದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಹೀಗೆ ಜಿಲ್ಲೆಯನ್ನು ಒಂದು ಸುತ್ತು ಹಾಕಿ ನೋಡಬೇಕಿತ್ತು. ಪ್ರಯೋಗಾಲಯದಲ್ಲಿ ಕಟ್ಟುವ ಒಂದು ಅಣುವಿನ ತವರುಮನೆ ಈ ಹೊಲಗಳಲ್ಲೇ ಇದೆ ಎಂದು ಬಹಳ ದಿನದಿಂದ ಮನಸ್ಸು ಹೇಳುತ್ತಿತ್ತು. ಆ ಅಣುವಿನ ಆಕಾರ ನಕ್ಷತ್ರದ್ದು: ನಡುವೆ ಒಂದು ಬಳೆ, ಬಳೆಯಿಂದ ಸುತ್ತಲೂ ಚಾಚಿದ ಎಳೆಗಳು.

ತೋಟದ ಹಿರಿಯರೊಬ್ಬರು ಕರೆದು ಕೂಡಿಸಿದರು. ಎರಡು ಹಣ್ಣು ಹೆಚ್ಚಿ, ಗಿಂಡಿಯ ನೀರಿಗೆ ಹಿಂಡಿ, ಉಪ್ಪು ಸಕ್ಕರೆ ಕಲಸಿ ಕೈಗಿತ್ತರು. ನಾನು ಮಾತಿಗೆ ಬಿದ್ದು ಲೋಟ ಕೆಳಗಿಟ್ಟೆ.

“ಇಡಬ್ಯಾಡ್ರಿ ಸರ, ಕುಡೀರಿ. ಹಿಂಡಿದ ಕೂಡ್ಲೆ ಕುಡದ್ರ ಲಿಂಬಿ. ಇಟ್ರ ಕಹಿ ಆಗತೈತಿ.”

ಅವರು ಒಂದೇ ಉಸಿರಿನಲ್ಲಿ ಹೇಳಿದ ಮಾತನ್ನು ಕಿತ್ತಳೆ, ನಿಂಬೆಯ ಬಳಗದ ಹಣ್ಣುಗಳನ್ನು ಓದುವ ವಿಜ್ಞಾನಿಗಳು ಹೀಗೆ ಬಿಡಿಸುತ್ತಾರೆ. ಹಣ್ಣಿನ ತಿರುಳಿನಲ್ಲಿ ಕಹಿಯಿಲ್ಲದ ಒಂದು ಅಣುವಿದೆ. ಅದರ ಒಂದು ಉಂಗುರ ಬಾಯಿ ತೆರೆದುಕೊಂಡಿರುತ್ತದೆ. ಹಿಂಡಿದಾಗ ಅದು ಹುಳಿರಸಕ್ಕೆ ಬೀಳುತ್ತದೆ. ಹುಳಿ ತಾಗಿ ಉಂಗುರ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡ ಅಣುವಿನ ಹೆಸರು ಲಿಮೊನಿನ್, ಕಹಿ ಅದರದು. 1983ರಲ್ಲಿ ಅಮೆರಿಕದ ಇಬ್ಬರು ಕೃಷಿ ಸಂಶೋಧಕರು ಈ ಕಹಿಯನ್ನು ರಸದಿಂದ ಹೆಕ್ಕಿ ತೆಗೆಯುವ ಒಂದು ಉಪಾಯ ಪ್ರಕಟಿಸಿದರು. ಹಿಟ್ಟಿನ ಸತ್ವದಿಂದ ಮಾಡಿದ ಸೂಕ್ಷ್ಮ ಬಳೆಗಳನ್ನು ಒಂದಕ್ಕೊಂದು ಹೆಣೆದು, ಆ ಹೆಣಿಗೆಯ ಮೂಲಕ ರಸವನ್ನು ಹಾಯಿಸಿದರು. ಬಳೆಯ ಹೊಟ್ಟೆಯಲ್ಲಿ ಲಿಮೊನಿನ್ ಸಿಕ್ಕಿಕೊಂಡಿತು, ರಸ ಮುಂದೆ ಹರಿಯಿತು. ನಾನು ಹುಡುಕಿ ಹೊರಟ ನಕ್ಷತ್ರದ ನಡುವೆ ಇರುವುದೂ ಅದೇ ಬಳೆ. ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದೆ. ಹಿರಿಯರಿಗೆ ಸಮಾಧಾನವಾಯಿತು.

ಇಂಡಿಯಿಂದ ಸಿಂದಗಿಯ ಹಾದಿ ಹಿಡಿದರೆ ನೆಲದ ಬಣ್ಣ ಗಳಿಗೆಗೊಮ್ಮೆ ಬದಲಾಗುತ್ತದೆ. ಉತ್ತರಕ್ಕೆ ಭೀಮೆ ಹರಿಯುತ್ತಾಳೆ. ದಕ್ಷಿಣದ ಕೃಷ್ಣೆಯ ನೀರು ಕಾಲುವೆ ಹಿಡಿದು ಇತ್ತ ಬರುತ್ತದೆ. ನೀರು ಮುಟ್ಟಿದಲ್ಲಿ ಕಬ್ಬು ಗೋಡೆ ಕಟ್ಟಿದ ಹಾಗೆ ನಿಂತಿದೆ. ಮುಟ್ಟದಲ್ಲಿ ತೊಗರಿ, ಕಡಲೆ, ಬಿಳಿಜೋಳ. ಮಧ್ಯಾಹ್ನದ ಹೊತ್ತಿಗೆ ರಸ್ತೆಯೆಲ್ಲ ಕಬ್ಬಿನ ಟ್ರ್ಯಾಕ್ಟರುಗಳು. ಎರಡೆರಡು ಟ್ರೇಲರ್ ಎಳೆದುಕೊಂಡು, ಏರಿನಲ್ಲಿ ಮುಂಗಾಲಿ ನೆಲ ಬಿಟ್ಟು ಏಳುವಷ್ಟು ಭಾರ ಹೊತ್ತು, ಹಾಡು ಹಚ್ಚಿಕೊಂಡು ಹೋಗುತ್ತವೆ. ಬಿದ್ದ ಜಲ್ಲೆಗಳನ್ನು ಹುಡುಗರು ಆರಿಸಿಕೊಂಡು ಹಲ್ಲಿನಲ್ಲಿ ಸಿಗಿಯುತ್ತಾರೆ. ಚಹಾ ಅಂಗಡಿಯ ಮುಂದೆ ಮಾತೆಲ್ಲ ಟನ್ನಿಗೆ ಎಷ್ಟು, ಬಿಲ್ಲು ಯಾವಾಗ ಎಂಬುದರ ಮೇಲೆ.

ಊಟದ ಖಾನಾವಳಿಯಲ್ಲಿ ರೊಟ್ಟಿಯ ಜೊತೆ ಮಜ್ಜಿಗೆ ಬಂತು. ಆ ಹುಳಿಯಲ್ಲಿ ನಕ್ಷತ್ರದ ಎಳೆಯ ಮೂಲವಿದೆ. 1780ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಹುಳಿತ ಹಾಲಿನಿಂದ ಬೇರ್ಪಡಿಸಿದ ಲ್ಯಾಕ್ಟಿಕ್ ಆಮ್ಲವೇ ಅದು. ಹಾಲಿನಲ್ಲಿ ಅದನ್ನು ಮಾಡುವ ಬಗೆಯ ಸೂಕ್ಷ್ಮಾಣುಗಳಿಗೆ ಕಬ್ಬಿನ ಸಕ್ಕರೆ ಕೊಟ್ಟರೂ ಅದೇ ಆಮ್ಲವನ್ನು ಮಾಡಿಕೊಡುತ್ತವೆ. ಈ ಅಣುವಿಗೆ ಎರಡು ಕೈ: ಒಂದರಲ್ಲಿ ಆಮ್ಲ, ಇನ್ನೊಂದರಲ್ಲಿ ಹೈಡ್ರಾಕ್ಸಿಲ್. ಎರಡು ಅಣುಗಳು ಎದುರುಬದರು ನಿಂತು ಕೈ ಕೈ ಹಿಡಿದರೆ ಎರಡು ನೀರಿನ ಅಣು ಉದುರಿ, ಆರು ಮೂಲೆಯ ಒಂದು ಉಂಗುರವಾಗುತ್ತದೆ. ಅದಕ್ಕೆ ಲ್ಯಾಕ್ಟೈಡ್ ಎನ್ನುತ್ತಾರೆ. ಬೆಳ್ಳಗಿನ ಹರಳು.

ಆ ಉಂಗುರಕ್ಕೆ ಮುದುಡಿ ಕೂತ ಬಿಗುವಿದೆ. ಕಾವು ಕೊಟ್ಟು ಹೊರಗಿನಿಂದ ಒಂದು ಕೈ ಬಂದು ಗಂಟು ಬಿಚ್ಚಿದರೆ ಬಾಯಿ ತೆರೆದು ಉದ್ದವಾಗಿ ಚಾಚಿಕೊಳ್ಳುತ್ತದೆ. ಚಾಚಿದ ತುದಿಯಲ್ಲಿ ಮತ್ತೆ ಒಂದು ಹೈಡ್ರಾಕ್ಸಿಲ್. ಅದು ಪಕ್ಕದ ಉಂಗುರವನ್ನು ಬಿಚ್ಚುತ್ತದೆ, ಅದು ಮುಂದಿನದನ್ನು. ಹೀಗೆ ಉಂಗುರಗಳೆಲ್ಲ ತೆರೆದು ಒಂದೇ ಎಳೆಯಾಗುತ್ತವೆ. ಉಂಗುರ ತೆರೆಯುವ ಪಾಲಿಮರೀಕರಣವೆಂದರೆ ಇಷ್ಟೇ. ನೈಲಾನಿನಿಂದ ಹೆಸರಾದ ವಾಲೆಸ್ ಕ್ಯಾರೊದರ್ಸ್ 1932ರಲ್ಲಿ ಲ್ಯಾಕ್ಟೈಡಿನ ಉಂಗುರ ಹೀಗೆ ತೆರೆಯುವುದನ್ನು ಬರೆದಿಟ್ಟ. ಎರಡು ವರ್ಷದ ನಂತರ ಅವನ ಬಳಗ ಏಳು ಮೂಲೆಯ ಕ್ಯಾಪ್ರೊಲ್ಯಾಕ್ಟೋನನ್ನೂ ತೆರೆಯಿತು. ಇವತ್ತು ಥಾಯ್ಲೆಂಡಿನಲ್ಲಿ ಕಬ್ಬಿನ ಸಕ್ಕರೆಯಿಂದ ಲ್ಯಾಕ್ಟೈಡಿನ ಎಳೆಯನ್ನು ಟನ್ನುಗಟ್ಟಲೆ ತೆಗೆಯುತ್ತಾರೆ. ಇಂಡಿಯ ಲಿಂಬಿಯಲ್ಲಿ ಉಂಗುರ ಮುಚ್ಚಿ ಕಹಿಯಾಗಿತ್ತು. ಸಿಂದಗಿಯ ಕಬ್ಬಿನ ಸಕ್ಕರೆಯಿಂದ ಮಾಡುವ ಉಂಗುರ ತೆರೆದರೆ ನೂಲು.

ಬಸವನ ಬಾಗೇವಾಡಿ ಮುಟ್ಟುವಾಗ ಬಸವೇಶ್ವರ ಗುಡಿಯ ದೀಪ ಹತ್ತಿತ್ತು. 12ನೆಯ ಶತಮಾನದಲ್ಲಿ ಬಸವಣ್ಣ ಹುಟ್ಟಿದ ಊರು. ದುಡಿಮೆಯನ್ನೇ ಪೂಜೆಯೆಂದು ಕರೆದ ಚಳವಳಿಯನ್ನು ಮುನ್ನಡೆಸಿದವನ ಊರು. ದೊಡ್ಡವ್ವನ ಮನೆಯಲ್ಲಿ ಹೊಸ್ತಿಲಿಗೇ ಬಿಸಿ ತಾಗಿತು. ಹಬ್ಬದ ರೊಟ್ಟಿಯ ಹಿಂದಿನ ಸಂಜೆ. ಒಲೆಯ ಮೇಲೆ ಹಂಚು, ಬದಿಗೆ ಕುದಿಯುವ ಎಸರು, ಪರಾತದಲ್ಲಿ ಜೋಳದ ಹಿಟ್ಟಿನ ಗುಡ್ಡ. ಗುಡ್ಡದ ನಡುವೆ ಕುಣಿ ಮಾಡಿ ಎಸರು ಹೊಯ್ದಾಗ ಹಬೆ ದೊಡ್ಡವ್ವನ ಮುಖ ಮುಚ್ಚಿತು. ಕಟ್ಟಿಗೆಯ ಸೌಟಿನಿಂದ ತಿರುವಿ, ಕೈ ಸುಡುವುದನ್ನು ಲೆಕ್ಕಿಸದೆ ನಾದಿ, ಉಂಡಿ ಕಟ್ಟಿ ಬಡಿಯತೊಡಗಿದಳು. ಪಟ್ಟ್ ಪಟ್ಟ್ ಎಂಬ ಸಪ್ಪಳಕ್ಕೆ ರೊಟ್ಟಿ ತಾನೇ ತಿರುಗುತ್ತ ಅಗಲವಾಯಿತು.

“ಎಸರ ಚಲೋ ಕುದೀಬೇಕಪಾ. ಹಸಿ ನೀರಿಗೆ ಜ್ವಾಳ ಜಿಗಿ ಬಿಡೂದಿಲ್ಲ. ಅಂಚು ಹರಕೊಂತ ಹೋಗತೈತಿ.”

ಜಿಗಿ! ಪಿಷ್ಟದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಪದ ನನಗೆ ಸಿಕ್ಕಿಲ್ಲ. ಗೋಧಿಯಲ್ಲಿ ಇರುವಂಥ ಅಂಟು ಜೋಳದಲ್ಲಿಲ್ಲ. ಆದರೆ ಅದರ ಕಾಳಿನ ಮುಕ್ಕಾಲು ಪಾಲಿನ ಹತ್ತಿರ ಪಿಷ್ಟವಿದೆ, ಗ್ಲೂಕೋಸಿನ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ತಣ್ಣೀರಿನಲ್ಲಿ ಆ ಸರಗಳು ಹರಳಿನೊಳಗೆ ಬಿಗಿಯಾಗಿ ಸುತ್ತಿಕೊಂಡೇ ಇರುತ್ತವೆ. ಕುದಿನೀರು ಬಿದ್ದಾಗ ಹರಳು ಉಬ್ಬಿ, ಸರಗಳು ಸಡಿಲಾಗಿ, ಒಂದಕ್ಕೊಂದು ತೊಡರುತ್ತವೆ. ಅದೇ ಜಿಗಿ. ಕಾರ್ಖಾನೆಯಲ್ಲಿ ಬಳೆ ಮಾಡುವವರೂ ಪಿಷ್ಟವನ್ನು ಮೊದಲು ಬಿಸಿನೀರಿನಲ್ಲಿ ಹೀಗೆಯೇ ಸಡಿಲಿಸುತ್ತಾರೆ. ಅವರು ಹೆಚ್ಚಾಗಿ ಬಳಸುವುದು ಗೊಂಜಾಳದ, ಆಲೂಗಡ್ಡೆಯ ಪಿಷ್ಟ. ಬಿಳಿಜೋಳದ್ದೂ ಅದೇ ಮಣಿಸರ. ಆಮೇಲೆ ಅದಕ್ಕೆ ಒಂದು ಕಿಣ್ವ ಬೆರೆಸುತ್ತಾರೆ. ಕಿಣ್ವ ಸರವನ್ನು ಆರು, ಏಳು, ಎಂಟು ಮಣಿಗೊಂದು ಕಡೆ ಕತ್ತರಿಸಿ, ಕತ್ತರಿಸಿದ ತುದಿಗೆ ತುದಿ ಕೂಡಿಸುತ್ತದೆ. ಸರ ಹೋಗಿ ಬಳೆ. ಇದರ ಹೆಸರು ಸೈಕ್ಲೋಡೆಕ್ಸ್ಟ್ರಿನ್. ಆರು ಮಣಿಯದು ಆಲ್ಫಾ, ಏಳರದು ಬೀಟಾ, ಎಂಟರದು ಗಾಮಾ.

1891ರಲ್ಲಿ ಫ್ರಾನ್ಸಿನ ಆಂಟ್ವಾನ್ ವಿಲ್ಲಿಯೆ ಆಲೂಗಡ್ಡೆಯ ಪಿಷ್ಟಕ್ಕೆ ಸೂಕ್ಷ್ಮಾಣು ಬಿಟ್ಟು ನೋಡಿದಾಗ, ಒಂದು ಕಿಲೋ ಪಿಷ್ಟಕ್ಕೆ ಸಿಕ್ಕದ್ದು ಮೂರು ಗ್ರಾಮಿನಷ್ಟು ಹರಳು. ಅವನು ಅದನ್ನು ಎಸೆಯಲಿಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರಿಯಾದ ಫ್ರಾನ್ಸ್ ಷಾರ್ಡಿಂಗರ್, ಕೆಟ್ಟ ಆಹಾರದ ಸೂಕ್ಷ್ಮಾಣುಗಳನ್ನು ಹುಡುಕುತ್ತ ಇದೇ ಹರಳುಗಳ ಬೆನ್ನು ಹತ್ತಿದ. ಅವು ಬಳೆಗಳೆಂದು 1930ರ ದಶಕದಲ್ಲಿ ತೋರಿಸಿದವರು ಜರ್ಮನಿಯ ಕಾರ್ಲ್ ಫ್ರಾಯ್ಡೆನ್‌ಬರ್ಗ್. ಮೂರು ಗ್ರಾಮಿನ ಹಿಂದೆ ನಲವತ್ತು ವರ್ಷದ ತಾಳ್ಮೆ.

ಮರುದಿನ ಬೆಳಗ್ಗೆ ದೊಡ್ಡವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ಅಕ್ಕನನ್ನು ಕೊಟ್ಟ ಊರಿಗೆ ಹೊರಟೆ. ಅದು ಹಳೆಯ ಮುದ್ದೇಬಿಹಾಳ ತಾಲೂಕಿನ ತಾಳಿಕೋಟಿ ಸೀಮೆ, ಡೋಣಿ ನದಿಯ ಬಯಲು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತನ್ನು ಇಲ್ಲಿ ಕೂಸುಗಳೂ ಬಲ್ಲವು. ಎರೆ ಭೂಮಿ, ಮಳೆ ಕಡಿಮೆ. ಹಿಂಗಾರಿಯ ಜೋಳ ಬಿತ್ತಿದ ಮೇಲೆ ಮೋಡದ ಹಂಗು ಬಹಳವಿಲ್ಲ. ಕರಿಮಣ್ಣು ತನ್ನ ಹೊಟ್ಟೆಯಲ್ಲಿ ಬಚ್ಚಿಟ್ಟ ತೇವವನ್ನೇ ಕುಡಿದು, ಇಬ್ಬನಿಯಲ್ಲಿ ಮೈತೊಳೆದು ತೆನೆ ಕಟ್ಟುತ್ತದೆ. ಆಳೆತ್ತರದ ಬೆಳೆ. ಹಾಲುಗಾಳಿನ ತೆನೆಗಳ ಮೇಲೆ ಗಾಳಿ ಕೈಯಾಡಿಸಿದರೆ ಬಯಲಿಗೆ ಬಯಲೇ ಮಗ್ಗಲು ಬದಲಿಸಿದಂತೆ ಕಾಣುತ್ತದೆ.

ಚಕ್ಕಡಿಗಳು ಸಾಲಾಗಿ ಹೊಲದ ದಾರಿ ಹಿಡಿದಿದ್ದವು. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಅಕ್ಕ ಬುತ್ತಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬದುವಿನ ಮೇಲೆ ನಡೆದಳು. ಬುಟ್ಟಿಗೂ ತಲೆಗೂ ನಡುವೆ ಸುತ್ತಿದ ಬಟ್ಟೆಯ ಸಿಂಬಿ. ಹಿಂದೆ ಅವಳ ಮಗಳು. ಪಿಯುಸಿಯಲ್ಲಿ ವಿಜ್ಞಾನ ಓದುವ ಹುಡುಗಿ. ರಾತ್ರಿ ಫೋನಿನಲ್ಲಿ ನಾನು ಹೇಳಿದ ಅರೆಬರೆ ಕತೆ ಅವಳನ್ನು ಕಾಡುತ್ತಿತ್ತು.

“ಮಾಮಾ, ಬಳೆ ಹೆಂಗ ಇರತೈತಿ? ಕೈಯಾಗಿನ ಬಳೀಗತೆ ಸಪಾಟ ಏನು?”

ನಾನು ಅವಳ ಅವ್ವನ ತಲೆಯ ಕಡೆ ಬೆರಳು ತೋರಿಸಿದೆ. ಬಳೆಯೆಂದದ್ದು ನನ್ನದೇ ತಪ್ಪು, ಅದು ಸಿಂಬಿ. ಒಂದು ಅಂಚು ಅಗಲ, ಒಂದು ಅಂಚು ಕಿರಿದು, ಮಾಟವಾದ ದಪ್ಪ ಗೋಡೆ, ನಡುವೆ ಟೊಳ್ಳು. ಬೀಟಾ ಸಿಂಬಿಯ ಟೊಳ್ಳಿನ ಅಗಲ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಹೊರಮೈಗೆ ನೀರೆಂದರೆ ಇಷ್ಟ, ಒಳಮೈ ನೀರನ್ನು ಒಲ್ಲದು. ನೀರಿನಲ್ಲಿ ಕರಗದ ಎಣ್ಣೆಗುಣದ ಅಣು ಒಳಗೆ ಹೊಕ್ಕು ಕೂತರೆ, ಹೊರಗಿನ ಸಿಂಬಿ ಅದನ್ನು ನೀರಿನಲ್ಲಿ ಹೊತ್ತು ನಡೆಯುತ್ತದೆ. ಕೊರೊನಾ ಕಾಲದಲ್ಲಿ ಊರೂರಿನ ಜನ ಹುಡುಕಿದ ರೆಮ್ಡೆಸಿವಿರ್ ನೆನಪಿದೆಯಲ್ಲ? ಅದರ ಪುಡಿಯ ಬಾಟಲಿಯಲ್ಲಿ 100 ಮಿಲಿಗ್ರಾಂ ಔಷಧವಾದರೆ, ಅದನ್ನು ನೀರಿಗೆ ಇಳಿಸಲು ಮಾರ್ಪಡಿಸಿದ ಬೀಟಾ ಸಿಂಬಿ 3 ಗ್ರಾಂ. ಔಷಧದ ಮೂವತ್ತು ಪಟ್ಟು ಹೊರುವವರು. ರಕ್ತಕ್ಕೆ ಇಳಿದ ಆ ಔಷಧದ ಹಿಂದೆ ಪಿಷ್ಟದ ಒಂದು ಮಣಿಸರವಿತ್ತು.

ಬನ್ನಿ ಗಿಡದ ಕೆಳಗೆ ಐದು ಕಲ್ಲು ನಿಲ್ಲಿಸಿ, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ನಡೆಯಿತು. ಭಾವ ಹೊಲದ ಸುತ್ತ ಚರಗ ಚೆಲ್ಲಿ ಬಂದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ ಬದನೆ, ಶೇಂಗಾ ಹೋಳಿಗೆ, ಭಜ್ಜಿ, ಅಂಬಲಿ. ಉಂಡು ನೆರಳಿಗೆ ಒರಗಿದಾಗ ಹುಡುಗಿ ಮತ್ತೆ ಹಿಡಿದಳು: ನಕ್ಷತ್ರ ಹೇಗೆ ಕಟ್ಟುತ್ತಾರೆ?

ನಾನು ಧಾರವಾಡದ ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಅವಳನ್ನು ಮಾತಿನಲ್ಲೇ ಕರೆದೊಯ್ದೆ. ಅಲ್ಲಿ ತೇಜರಾಜ ಅಮಿನಭಾವಿಯವರು ಪಾಲಿಮರ್ ಸಂಶೋಧನೆಯ ದೊಡ್ಡ ಪರಂಪರೆಯೊಂದನ್ನು ಬೆಳೆಸಿದರು. ದೇಹದಲ್ಲಿ ಕರಗುವ ಪಾಲಿಮರುಗಳ ಸೂಕ್ಷ್ಮ ಕಣಗಳಲ್ಲಿ ಔಷಧ ತುಂಬುವ ಬಗ್ಗೆ ಅವರೂ ಅವರ ಸಂಗಡಿಗರೂ 2001ರಲ್ಲಿ ಪ್ರಕಟಿಸಿದ ಅವಲೋಕನವನ್ನು ಜಗತ್ತಿನ ಸಾವಿರಾರು ಸಂಶೋಧನಾ ಬರಹಗಳು ಆಧಾರವಾಗಿ ಹೆಸರಿಸಿವೆ. ಲ್ಯಾಕ್ಟೈಡ್, ಕ್ಯಾಪ್ರೊಲ್ಯಾಕ್ಟೋನುಗಳ ಎಳೆಗಳು ಅದರ ಮುಖ್ಯ ಪಾತ್ರಗಳು. ನಕ್ಷತ್ರ ಆ ಎಳೆಗಳ ಮುಂದಿನ ಹೆಜ್ಜೆ.

ಗಾಜಿನ ಕುಪ್ಪಿಯೊಂದನ್ನು ನೆನೆಸಿಕೋ ಎಂದೆ. ಒಳಗೆ ಬಿಳಿ ಪುಡಿ, ಅದು ಬೀಟಾ ಸಿಂಬಿ. ಏಳು ಮಣಿಯ ಸಿಂಬಿಯ ಅಂಚಿನಲ್ಲಿ 21 ಹೈಡ್ರಾಕ್ಸಿಲ್ ಕೈಗಳಿವೆ: ಕಿರಿದಾದ ಅಂಚಿನಲ್ಲಿ 7, ಅಗಲ ಅಂಚಿನಲ್ಲಿ 14. ಪ್ರತಿಯೊಂದು ಕೈಗೂ ಉಂಗುರ ಬಿಚ್ಚುವ ಶಕ್ತಿಯಿದೆ. ಆದರೆ ಮೊದಲ ಕೆಲಸ ಒಣಗಿಸುವುದು. ಕಣ್ಣಿಗೆ ಒಣಗಿ ಕಾಣುವ 100 ಗ್ರಾಂ ಪುಡಿಯಲ್ಲಿ 10 ಗ್ರಾಮಿಗೂ ಮೀರಿ ನೀರು ಅಡಗಿರುತ್ತದೆ. ನಿರ್ವಾತದಲ್ಲಿ ಕಾಯಿಸಿ ಅದನ್ನೆಲ್ಲ ಹೊರಡಿಸಬೇಕು. ನೀರಿಗೂ ಒಂದು ಹೈಡ್ರಾಕ್ಸಿಲ್ ಕೈಯಿದೆ. ಉಳಿದರೆ ಅದೂ ಉಂಗುರ ಬಿಚ್ಚಿ ತನ್ನದೊಂದು ಒಂಟಿ ಎಳೆ ಬೆಳೆಸುತ್ತದೆ. ನಕ್ಷತ್ರದ ಬೆಳೆಯಲ್ಲಿ ಅದು ಕಸ. ಹನಿ ನೀರಿಗೆ ಮುಗಿಲು ನೋಡುವ ಸೀಮೆಯ ಹುಡುಗಿಗೆ, ನೀರನ್ನು ಹೊರಗೆ ಹಾಕಲು ಹಗಲುರಾತ್ರಿ ದುಡಿಯುವ ಕೋಣೆಯೊಂದಿದೆ ಎಂಬುದು ಅಚ್ಚರಿಯಾಯಿತು.

ಒಣಗಿದ ಕುಪ್ಪಿಗೆ ಲ್ಯಾಕ್ಟೈಡ್ ಹಾಕಿ, ಗಾಳಿಯ ಬದಲು ನೈಟ್ರೋಜನ್ ತುಂಬಿ, ತವರದ ಒಂದು ಸಂಯುಕ್ತವನ್ನು ಹನಿಯಷ್ಟು ಬೆರೆಸುತ್ತಾರೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ತವರದ್ದೇ ಬಂಧು. ಇಲ್ಲಿ ಅದು ಉಂಗುರದ ಗಂಟು ಸಡಿಲಿಸುವ ಕೆಲಸ ಮಾಡುತ್ತದೆ. 110ರಿಂದ 130 ಡಿಗ್ರಿಯ ಎಣ್ಣೆಯಲ್ಲಿ ಕುಪ್ಪಿಯನ್ನು ಇಳಿಬಿಡುತ್ತಾರೆ. ಪುಡಿ ಕರಗಿ, ಪಾಕ ತಿಳಿಯಾಗಿ, ಗಂಟೆ ಕಳೆದಂತೆ ಒಳಗಿನ ಪುಟ್ಟ ಆಯಸ್ಕಾಂತದ ಕಡ್ಡಿ ತಿರುಗಲು ತಿಣುಕುತ್ತದೆ. ಬೆಲ್ಲದ ಪಾಕ ಗಟ್ಟಿಯಾಗುವಾಗ ಸೌಟು ಭಾರವಾಗುವ ಹಾಗೆ. ಒಂದು ಸಿಂಬಿಗೆ 210 ಲ್ಯಾಕ್ಟೈಡ್ ಲೆಕ್ಕ ಹಿಡಿದು ಹಾಕಿದ್ದರೆ, ಎಲ್ಲ ಕೈಗಳೂ ಸಮನಾಗಿ ದುಡಿದಾಗ ಕೈಗೆ 10ರಂತೆ 21 ಎಳೆ. 1,135 ಇದ್ದ ಸಿಂಬಿಯ ಅಣುತೂಕ 31,000 ದಾಟುತ್ತದೆ. ಕಡಿಮೆ ಎಳೆ ಬೇಕಾದರೆ ಕೆಲವು ಕೈಗಳಿಗೆ ಮೊದಲೇ ಟೊಪ್ಪಿಗೆ ಹಾಕಿ ಮುಚ್ಚುತ್ತಾರೆ. ಆಗ 14 ಎಳೆ, ಅಥವಾ 7. 2004ರಲ್ಲಿ ಜಪಾನಿನ ಒಸಾಕಾದಲ್ಲಿ ಅಕಿರಾ ಹರಾಡ ಅವರ ತಂಡ ತವರವನ್ನೂ ಬಿಟ್ಟು ನೋಡಿತು. ಕ್ಯಾಪ್ರೊಲ್ಯಾಕ್ಟೋನಿನ ಬಳಗದ ಲ್ಯಾಕ್ಟೋನ್ ಉಂಗುರ ಸಿಂಬಿಯ ಟೊಳ್ಳಿನೊಳಗೆ ತಾನೇ ಹೊಕ್ಕು ಕೂತಾಗ, ಅಂಚಿನ ಕೈ ಅದನ್ನು ಬಿಚ್ಚಿ ಎಳೆ ಹೊಸೆಯಿತು. ಹೊತ್ತು ನಡೆಯುವ ಸಿಂಬಿ ನೇಕಾರನೂ ಆಯಿತು.

“ಉದ್ದ ಒಂದ ಎಳಿ ಸಾಕಾಗಿತ್ತಲ್ಲ ಮಾಮಾ, ನಕ್ಷತ್ರ ಯಾಕ ಬೇಕು?”

ಹೊಲದ ಅಂಚಿಗೆ ಬಿದ್ದಿದ್ದ ಹಗ್ಗವನ್ನೂ ಬದಿಯ ಹುಲ್ಲಿನ ಗಡ್ಡೆಯನ್ನೂ ತೋರಿಸಿದೆ. ಅಷ್ಟೇ ತೂಕದ ಹಗ್ಗ ಎಲ್ಲೆಲ್ಲೋ ತೊಡರುತ್ತದೆ. ಗಡ್ಡೆ ಒಂದೇ ಕಡೆ ಮುದುಡಿ ಉರುಳುತ್ತದೆ. 1948ರಲ್ಲಿ ಷೆಫ್‌ಗನ್ ಮತ್ತು ಪಾಲ್ ಫ್ಲೋರಿ ಇಂಥ ಬಹುಬಾಹು ಪಾಲಿಮರುಗಳನ್ನು, ನಾಲ್ಕು ಮತ್ತು ಎಂಟು ಎಳೆಯವನ್ನು ಮಾಡಿ, ಅವು ಒಂಟಿ ಎಳೆಗಿಂತ ಸುಲಭವಾಗಿ ಹರಿಯುತ್ತವೆಂದು ತೋರಿಸಿದ್ದರು. ನಕ್ಷತ್ರದ ಎಳೆಗಳ ತುದಿಯಲ್ಲಿ ನೀರನ್ನು ಮೆಚ್ಚುವ ಇನ್ನೊಂದು ಎಳೆ ಕಟ್ಟಿದರೆ ಅದು ಔಷಧ ಹೊರುವ ಪುಟ್ಟ ಚೀಲವಾಗುತ್ತದೆ. ಬಿಡಿ ಅಣುಗಳು ಗುಂಪುಗೂಡಿ ಕಟ್ಟಿದ ಚೀಲ ರಕ್ತದಲ್ಲಿ ತೆಳುವಾದಾಗ ಚದುರಬಹುದು. ನಕ್ಷತ್ರದ ಎಳೆಗಳು ಒಂದೇ ಸಿಂಬಿಗೆ ಗಂಟು ಹಾಕಿಕೊಂಡಿರುವುದರಿಂದ ಅಷ್ಟು ಸುಲಭಕ್ಕೆ ಬಿಚ್ಚಿಹೋಗವು. ಈ ನಕ್ಷತ್ರಗಳ ಕೆಲಸ ಬಹುಪಾಲು ಇನ್ನೂ ಪ್ರಯೋಗಾಲಯದಲ್ಲೇ ನಡೆದಿದೆ. ಅದಕ್ಕೇ ಈ ಹುಡುಗಿಗೆ ಹೇಳಬೇಕೆನಿಸಿತು. ಮುಗಿದ ಕೆಲಸಕ್ಕೆ ಹೊಸಬರ ಕೈ ಬೇಕಿಲ್ಲ.

ಈ ಜಿಲ್ಲೆಯ ಜೋಳ, ಕಬ್ಬು, ಲಿಂಬಿಗಳ ಬಗ್ಗೆ ನಮ್ಮಲ್ಲಿ ಬೆಲೆಯ ಮಾತು ಬಹಳ. ಅದು ಬೇಕು, ಅದರ ಮೇಲೆ ಮನೆಗಳು ನಿಂತಿವೆ. ಆದರೆ ಆ ಬೆಳೆಗಳ ಒಳಗಿನ ಅಣುವಿನ ಮಾತು ಬೆಳೆದವರ ಮಕ್ಕಳಿಗೆ ದೂರದ ಊರಿನ ಪುಸ್ತಕದಿಂದ ಬರಬಾರದು. ಕಹಿಯಾಗುವ ಮೊದಲು ಕುಡಿ ಎನ್ನುವ ಇಂಡಿಯ ಹಿರಿಯರಿಗೆ, ಹಸಿ ನೀರಿಗೆ ಜಿಗಿ ಬಾರದೆನ್ನುವ ದೊಡ್ಡವ್ವನಿಗೆ ಅರ್ಧ ಪಾಠ ಆಗಲೇ ಗೊತ್ತಿದೆ. ಉಳಿದರ್ಧ ಅವರ ಮೊಮ್ಮಕ್ಕಳಿಂದ ಬರಲಿ ಎಂಬುದು ನನ್ನ ಆಸೆ.

ಹೊತ್ತು ಇಳಿದಿತ್ತು. ಅಕ್ಕ ಉಳಿದ ಅಂಬಲಿಯನ್ನು ಬಗ್ಗಿಸಿ ಕೊಡುತ್ತಿದ್ದಳು. ಹುಡುಗಿ ಕೊನೆಯ ಪ್ರಶ್ನೆ ಕೇಳಿದಳು: ಔಷಧ ಇಳಿಸಿದ ಮೇಲೆ ನಕ್ಷತ್ರ ಏನಾಗುತ್ತದೆ?

ಕುಪ್ಪಿಯಿಂದ ಹೊರಗಟ್ಟಿದ್ದ ನೀರು ಆಗ ತಿರುಗಿ ಬರುತ್ತದೆ ಎಂದೆ. ದೇಹದೊಳಗಿನ ನೀರು ಎಳೆಯ ಒಂದೊಂದೇ ಗಂಟನ್ನು ದಿನಗಟ್ಟಲೆ, ತಿಂಗಳುಗಟ್ಟಲೆ ಬಿಚ್ಚುತ್ತದೆ. ಲ್ಯಾಕ್ಟೈಡಿನ ಎಳೆ ಮತ್ತೆ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಓಡಿದಾಗ ನಮ್ಮ ಕಾಲಿನ ಸ್ನಾಯುಗಳೂ ಮಾಡುವ ಆಮ್ಲವದು, ದೇಹಕ್ಕೆ ಅದರ ಗುರುತಿದೆ. ಬಾಯಿಂದ ಹೊಟ್ಟೆಗೆ ಹೋದ ಬೀಟಾ ಸಿಂಬಿಯನ್ನು ದೊಡ್ಡ ಕರುಳಿನ ಸೂಕ್ಷ್ಮಾಣುಗಳು ಬಿಚ್ಚಿ ತಿನ್ನುತ್ತವೆ. ಕೂಡಿಸಿದ ತುದಿಗಳು ಬೇರೆಯಾಗಿ ಬಳೆ ಮತ್ತೆ ಸರ, ಸರ ಮತ್ತೆ ಬಿಡಿ ಮಣಿ.

ಅಕ್ಕ ಬುಟ್ಟಿ ಎತ್ತಿ ಚಕ್ಕಡಿಯಲ್ಲಿಟ್ಟಳು. ಬುತ್ತಿ ಖಾಲಿಯಾಗಿತ್ತು, ಹೊರುವುದೇನಿರಲಿಲ್ಲ. ತಲೆಯ ಮೇಲಿದ್ದ ಸಿಂಬಿಯನ್ನು ಕೈಗೆ ತೆಗೆದುಕೊಂಡು ತುದಿ ಹಿಡಿದು ಝಾಡಿಸಿದಳು. ಸುತ್ತು ಬಿಚ್ಚಿ ಅದು ಉದ್ದನೆಯ ಬಟ್ಟೆಯಾಯಿತು. ಅದರಿಂದಲೇ ಮಗಳ ಗಲ್ಲಕ್ಕೆ ಹತ್ತಿದ್ದ ಅಂಬಲಿ ಒರೆಸಿ, ಹೆಗಲ ಮೇಲೆ ಹಾಕಿಕೊಂಡಳು.